ಪೀಠದ ಮೇಲೆ ಯಾವ ಅಪ್ಪ?

ಖಾಂಗ್ ಮಾಡಿದ್ದು ಇಷ್ಟೇ. ಅಪ್ಪನ ತಿಥಿಯ ದಿನ ಬೆಳಿಗ್ಗೆ, ಪೂರ್ವಿಕರ ಪೀಠದ ಮೇಲಿದ್ದ ಅಪ್ಪನ ಫೋಟೊವನ್ನು ಚೌಕಟ್ಟಿನಿಂದ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿದ. ಹಳೆಯ ಫೋಟೊ. ಧೂಪದ ಮಸಿಯ ಜೊತೆಗೆ ಅಪ್ಪನ ಕಣ್ಣು, ಮೂಗು, ಬಾಯಿ ಎಲ್ಲವೂ ಬಟ್ಟೆಗೆ ಬಂದವು. ಅಂಗಿಯ ಕಾಲರು ಮಾತ್ರ ಉಳಿಯಿತು.

ನಾಮ್ ದಿನ್ ಪಟ್ಟಣದ ಅಂಚೆ ಕಚೇರಿಯಲ್ಲಿ ಹಿರಿಯ ಗುಮಾಸ್ತನಾದ, ನಲವತ್ತೆರಡು ವರ್ಷದ ಖಾಂಗ್ ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಹನ್ನೆರಡಕ್ಕೆ ಎಡೆ ಇಡಬೇಕು. ಪೀಠದ ಮೇಲೆ ಯಾರ ಮುಖವಿದೆಯೋ ಅವರು ಬಂದು ಉಣ್ಣುತ್ತಾರೆ. ಮುಖವೇ ಇಲ್ಲದಿದ್ದರೆ ಅಪ್ಪ ತನ್ನ ಮನೆಯ ಬಾಗಿಲಲ್ಲೇ ಹಸಿದು ನಿಲ್ಲಬೇಕು. ಹಿರಿಯ ಮಗ ಮಾಡುವ ಕೆಲಸವೇ ಇದು?

ಅಮ್ಮ ಅಡುಗೆಮನೆಯಲ್ಲಿ ಕಳಲೆ ಸಾರಿನ ಮುಂದಿದ್ದರು. ಖಾಂಗ್ ಹಿಂಬಾಗಿಲಿನಿಂದ ಓಡಿ, ಗಲ್ಲಿಯ ತುದಿಯಲ್ಲಿ ಇದ್ದಿಲ ಪುಡಿಯಿಂದ ತೀರಿಹೋದವರ ಚಿತ್ರ ಬರೆಯುವ ಥುಯೆನ್ ಮೇಷ್ಟ್ರ ಅಂಗಡಿಗೆ ನುಗ್ಗಿದ.

"ಮುಖ ಎಲ್ಲಪ್ಪಾ?" ಎಂದರು ಮೇಷ್ಟ್ರು, ಫೋಟೊವನ್ನು ಬೆಳಕಿಗೆ ಹಿಡಿದು.

"ಬಾಯಲ್ಲಿ ಹೇಳ್ತೀನಿ ಮೇಷ್ಟ್ರೇ, ಬರೀರಿ."

ಅಷ್ಟರಲ್ಲಿ ಊಟಕ್ಕೆಂದು ಬೇಗನೆ ಹೊರಟಿದ್ದ ಹ್ವೆ ಅತ್ತೆ, ಅಂದರೆ ಅಪ್ಪನ ತಂಗಿ, ಅವನನ್ನು ಕಂಡು ಒಳಗೆ ಬಂದರು. ಹಿಂದೆಯೇ ಲುಕ್ ಚಿಕ್ಕಪ್ಪ. ವಿಷಯ ತಿಳಿದದ್ದೇ ಇಬ್ಬರೂ ಸ್ಟೂಲು ಎಳೆದು ಕೂತರು.

"ಅಣ್ಣನ ಕೂದಲು ಇಷ್ಟು ತೆಳ್ಳಗಿರ್ಲಿಲ್ಲ, ಸ್ವಲ್ಪ ದಟ್ಟ ಮಾಡಿ," ಎಂದರು ಅತ್ತೆ.

"ಕಿವಿ ಯಾಕೆ ಹೀಗೆ ಆಚೆ ಬಂದಿದೆ? ನಮ್ಮ ವಂಶದಲ್ಲೇ ಇಂಥ ಕಿವಿ ಇಲ್ಲ," ಎಂದರು ಚಿಕ್ಕಪ್ಪ, ತಮ್ಮ ಟೋಪಿಯನ್ನು ಇನ್ನಷ್ಟು ಕೆಳಗೆಳೆದು.

"ಗಂಟುಮುಖ ಬೇಡ, ನಗಿಸಿ."

"ಅಪ್ಪ ನಗ್ತಿರ್ಲಿಲ್ಲ ಅತ್ತೆ."

"ನಿನ್ನನ್ನ ನೋಡಿ ಯಾರು ನಗ್ತಾರೆ? ನಮ್ಮ ಹತ್ರ ನಗ್ತಿದ್ದ."

ಮೇಷ್ಟ್ರು ಮೂವರ ಮಾತನ್ನೂ ಕೇಳಿದರು, ಬರೆದದ್ದು ಇಬ್ಬರದು. ಹನ್ನೊಂದೂವರೆಗೆ ಪೀಠವೇರಿದವರು ದಟ್ಟ ಕ್ರಾಪಿನ, ಮುದ್ದಾದ ಕಿವಿಯ, ಮದುಮಗನಂತೆ ನಗುವ ಮಹನೀಯರು. ನೆಂಟರು ಕೈಮುಗಿದರು. "ಅಣ್ಣನೇ ಎದ್ದು ಬಂದ ಹಾಗಿದೆ!" ಎಂದು ಅತ್ತೆ ಅತ್ತೂ ಬಿಟ್ಟರು. ಖಾಂಗನಿಗೂ ಅಳು ಬಂತು. ಈ ಅಪರಿಚಿತ ಉಂಡು ಕೈತೊಳೆದು ಹೋದಮೇಲೆ ಅಪ್ಪನಿಗೇನು ಉಳಿದೀತು?

ದೇವರು ಕಣ್ಣು ಬಿಟ್ಟ. ಹೈಫಾಂಗಿನಿಂದ ಬಂದ ತಂಗಿ ಲಿಯೂ ಚೀಲ ಬಿಚ್ಚಿದಳು. "ಅಣ್ಣಾ, ಅಪ್ಪನ ಅದೇ ಫೋಟೊದ ಇನ್ನೊಂದು ಪ್ರತಿ ನನ್ನ ಪೆಟ್ಟಿಗೇಲಿತ್ತು. ಫ್ರೇಮ್ ಹಾಕಿಸಿ ತಂದಿದೀನಿ."

ಖಾಂಗ್ ಅದನ್ನು ಚಿತ್ರದ ಪಕ್ಕದಲ್ಲಿಟ್ಟ. ಆಚೆ ಚಾಚಿದ ಕಿವಿ, ನಾಲ್ಕೆಳೆ ಕೂದಲು, ಫೋಟೊ ತೆಗೆದವನನ್ನೇ ಬೈಯಲು ಹೊರಟ ಹುಬ್ಬು. ನೆಂಟರು ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದರು.

"ಗಲ್ಲ ನೋಡಿ, ಹೋಲಿಕೆಯೇ ಇಲ್ಲ," ಎಂದರು ಚಿಕ್ಕಪ್ಪ. "ಸ್ಟುಡಿಯೋದವನು ಇನ್ಯಾರದ್ದೋ ಕೊಟ್ಟಿದಾನೆ."

"ದಾರೀಲಿ ಹೋಗೋನಿಗೆ ಎಡೆ ಇಡ್ತೀಯೇನೋ?" ಎಂದು ಅತ್ತೆ ಖಾಂಗನ ಮೇಲೇರಿ ಬಂದರು.

"ಅಪ್ಪ ನಗ್ತಿದ್ರು ಅಂತ ನಂಗೂ ನೆನಪು ಬರ್ತಿದೆ," ಎಂದಳು ಲಿಯೂ, ಮೆಲ್ಲಗೆ.

ಸಾರಿನ ಬಟ್ಟಲು ಹಿಡಿದು ಅಮ್ಮ ಬಂದರು. ಖಾಂಗ್ ಎಲ್ಲವನ್ನೂ ಒಪ್ಪಿಕೊಂಡು, "ನೀನೇ ಹೇಳಮ್ಮಾ, ಅಪ್ಪ ಯಾರು?" ಎಂದ.

ಅಮ್ಮ ಬಟ್ಟಲು ಕೆಳಗಿಟ್ಟು ಎರಡನ್ನೂ ನೋಡಿದರು. ಫೋಟೊದ ಮೇಲೆ ಬೆರಳಿಟ್ಟು, "ಇವ್ರೇ. ಇನ್ಯಾರು?" ಎಂದರು.

ಖಾಂಗ್ ಗೆದ್ದೆನೆಂದು ಚಿತ್ರವನ್ನು ತೆಗೆಯಹೋದ.

"ಅದನ್ಯಾಕೆ ತೆಗೀತೀಯ? ಇರ್ಲಿ ಅಲ್ಲೇ," ಎಂದರು ಅಮ್ಮ.

"ಅಪ್ಪ ಹಸಿದಿರ್ತಾರಲ್ಲಮ್ಮಾ!"

"ನಿಮ್ಮಪ್ಪನಿಗೆ ಪಟ ಬೇಕಾ? ಕಳಲೆ ಸಾರಿನ ವಾಸನೆ ಹಿಡ್ಕೊಂಡೇ ಬರ್ತಾರೆ. ದಿನಾ ಎರಡು ಹೊತ್ತು ಇಲ್ಲಿ ನಿಂತು ಧೂಪ ಹಚ್ಚೋಳು ನಾನು. ನಲವತ್ಮೂರು ವರ್ಷ ಈ ಗಂಟುಮುಖ ನೋಡಿ ಸಾಕಾಗಿದೆ. ಇನ್ನಾದ್ರೂ ನಗೋರನ್ನ ನೋಡ್ತೀನಿ."

"ಹಾಗಾದ್ರೆ ಇದು?"

"ಹಿರೀ ಮಗ ನೀನು. ನಿನ್ನ ಮಂಚದ ಎದುರಿಗೆ ಹಾಕ್ಕೋ."

ಮೊಳೆ ಹೊಡೆಯಲು ಚಿಕ್ಕಪ್ಪನೇ ಮುಂದಾದರು. ಊಟವಾದ ಮೇಲೆ ಖಾಂಗ್ ಕೋಣೆಗೆ ಹೋಗಿ ಮಂಚದ ಮೇಲೆ ಕಾಲು ಚಾಚಿದ. ಎದುರಿನ ಗೋಡೆಯತ್ತ ಕಣ್ಣು ಹೋಯಿತು. ಮೆಲ್ಲಗೆ ಕಾಲು ಮಡಚಿಕೊಂಡ.