ಅಕ್ಕ ಓದದ ನನ್ನ ದೋಣಿ ಬ್ಲಾಗು

ದೋಣಿಯಲ್ಲಿ ಸಂಸಾರ ಹೂಡಿ, ಅದನ್ನು ಊರಿಗೆಲ್ಲ ಕಾಣುವಂತೆ ಬ್ಲಾಗಿನಲ್ಲಿ ಬರೆಯುವವರು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ ಈಜಿಕೊಂಡು ಬಂದು ದೋಣಿಯ ಏಣಿ ಹತ್ತುತ್ತವೆ.

ನಾನು ಹುಟ್ಟಿದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮದುವೆಯಾದದ್ದು ಹಡಗಿನ ಎಂಜಿನಿಯರನ್ನು. ವರ್ಷದ ಬಹುಭಾಗ ಅವರು ಸಮುದ್ರದಲ್ಲಿ, ನಾನು ಶಿವಮೊಗ್ಗದ ವಿನೋಬನಗರದಲ್ಲಿ. ನಿವೃತ್ತಿಯಾದ ಮೇಲೆ, "ಇನ್ನು ನಿನ್ನ ಜೊತೆಗೇ ಇರ್ತೀನಿ" ಅಂದರು. ಇದ್ದದ್ದೇನೋ ಇದ್ದರು, ಆದರೆ ಅಲುಗಾಡದ ಮಂಚದ ಮೇಲೆ ಅವರಿಗೆ ನಿದ್ದೆ ಬರಲೊಲ್ಲದು. "ಹಾಗಾದ್ರೆ ನಾನೇ ನೀರಿಗೆ ಬರ್ತೀನಿ, ನಡೀರಿ" ಅಂದೆ. ವಿನೋಬನಗರದ ಮನೆ ಮಾರಿ, ಮಲೇಷ್ಯಾದ ಲಂಕಾವಿ ದ್ವೀಪದಲ್ಲಿ ಒಂದು ಹಳೆಯ ಹಾಯಿದೋಣಿ ಕೊಂಡು, ಅದರಲ್ಲೇ ವಾಸಕ್ಕೆ ನಿಂತೆವು. ಮೊಬೈಲಿನಲ್ಲಿ ಜಗತ್ತೆಲ್ಲ ಕಾಣುವ ಕಾಲ ಇನ್ನೂ ಬಂದಿರಲಿಲ್ಲ. ಕೆಲವರ ಮನೆಗೆ ಕಂಪ್ಯೂಟರ್ ಮಾತ್ರ ಬಂದಿತ್ತು.

ಬಂಧುಗಳೆಲ್ಲ ಒಂದಿಷ್ಟು ಗೊಣಗಿ ಒಪ್ಪಿಕೊಂಡರು. ಒಪ್ಪದವಳು ಭದ್ರಾವತಿಯಲ್ಲಿದ್ದ ನನ್ನ ಅಕ್ಕ. "ಗೋಡೆ ಇಲ್ಲ, ಹೊಸ್ತಿಲು ಇಲ್ಲ. ಅದನ್ನ ಮನೆ ಅಂತ ನನ್ನ ಬಾಯಲ್ಲಿ ಹೇಳಲ್ಲ. ಅಲ್ಲಿಗೆ ಕಾಲೂ ಇಡಲ್ಲ" ಅಂದಳು. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತ ಉಳಿದಿದ್ದು ಅವಳೊಬ್ಬಳೇ. ಫೋನ್ ಮಾಡಿದರೆ ಒಂದೇ ಪ್ರಶ್ನೆ.

"ಕಾಲಿಗೆ ನೆಲ ಸಿಕ್ತೇನೇ?"

"ಇಲ್ಲ ಕಣೇ, ಅಕ್ಕ."

"ಸಿಕ್ಕಿದ ಮೇಲೆ ಮಾಡು." ಟಕ್ಕನೆ ಇಟ್ಟುಬಿಡುತ್ತಿದ್ದಳು.

ಅದಕ್ಕೇ ನಾನು ಬ್ಲಾಗ್ ಶುರು ಮಾಡಿದ್ದು. ಫೋನಾದರೆ ಇಟ್ಟುಬಿಡಬಹುದು. ಬ್ಲಾಗನ್ನು ಇಡುವುದು ಹೇಗೆ? ಅಕ್ಕನ ಸೊಸೆ ಹೈಸ್ಕೂಲ್ ಟೀಚರು, ಮನೆಯಲ್ಲಿ ಕಂಪ್ಯೂಟರ್ ಇತ್ತು. ಮೊದಲ ವಾರವೇ ಅವಳು ನನಗೆ ಗುಟ್ಟಾಗಿ ಬರೆದಳು: "ಅತ್ತೆ ನಿಮ್ಮ ಬ್ಲಾಗ್ ಓದಲ್ವಂತೆ, ಚಿಕ್ಕತ್ತೆ. ಆದ್ರೆ ನಾನು ಗಟ್ಟಿಯಾಗಿ ಓದುವಾಗ ಮಾತ್ರ ಹತ್ತಿ ತಗೊಂಡು ಪಕ್ಕದಲ್ಲೇ ಬತ್ತಿ ಹೊಸೀತಾ ಕೂರ್ತಾರೆ. ಮನೇಲಿ ಈಗ ಹತ್ತು ವರ್ಷಕ್ಕಾಗೋಷ್ಟು ಬತ್ತಿ ಇದೆ."

ಬಾಗಿಲು ಯಾವ ದಿಕ್ಕಿಗೆ?

ಯಜಮಾನರ ಚಿಕ್ಕಪ್ಪನ ಮಗ ಒಬ್ಬರು ಶಿವಮೊಗ್ಗದಲ್ಲಿದ್ದಾರೆ. ಯಾರು ಮನೆ ಕಟ್ಟಿದರೂ ದಿಕ್ಸೂಚಿ ಹಿಡಿದು ಹೋಗಿ, ವಾಸ್ತು ನೋಡಿ, ಒಂದು ತಪ್ಪು ಹುಡುಕಿಯೇ ಕಾಫಿ ಕುಡಿಯುವವರು. ನಾನು ದೋಣಿಯ ಒಳಗಿನ ಫೋಟೋ ಹಾಕಿದ ದಿನವೇ ಅವರ ಕಾಮೆಂಟು ಬಂತು.

"ಅತ್ತಿಗೆ, ಬಾಗಿಲು ಯಾವ ದಿಕ್ಕಿಗಿದೆ?"

ಲಂಗರು ಹಾಕಿದ ದೋಣಿ ಒಂದೇ ಕಡೆ ಮುಖ ಮಾಡಿ ನಿಲ್ಲುವುದಿಲ್ಲ. ಗಾಳಿ ಬೀಸಿದಂತೆ, ನೀರು ಏರಿಳಿದಂತೆ ತಿರುಗುತ್ತಿರುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆದೆ: "ಬೆಳಿಗ್ಗೆ ಪೂರ್ವ. ತಿಂಡಿ ಹೊತ್ತಿಗೆ ದಕ್ಷಿಣ. ಈಗ ಎಲ್ಲಿದೆಯೋ ನೋಡಿ ಹೇಳ್ತೀನಿ."

ಎರಡು ದಿನ ಅವರ ಸುದ್ದಿಯೇ ಇಲ್ಲ. ಪಂಚಾಂಗ ಹುಡುಕುತ್ತಿದ್ದರೋ ಏನೋ. ಮೂರನೆಯ ದಿನ ಬರೆದರು: "ಅಡುಗೆಮನೆ ಆಗ್ನೇಯಕ್ಕೆ ಬರೋ ಹೊತ್ತು ನೋಡಿಕೊಂಡು ಒಲೆ ಹಚ್ಚಿ."

"ಹಾಗೆ ಕಾಯ್ತಾ ಕೂತ್ರೆ ನಿಮ್ಮಣ್ಣ ನನ್ನನ್ನೇ ನೀರಿಗೆ ತಳ್ತಾರೆ" ಅಂತ ಉತ್ತರ ಕೊಟ್ಟೆ.

ಆಗ ಅವರು ಬರೆದ ಮಾತನ್ನು ಶಿವಮೊಗ್ಗದ ನೆಂಟರೆಲ್ಲ ಓದಿದರು, ಅವರ ಹೆಂಡತಿಯೂ ಓದಿದರು: "ನೀವೇ ಪುಣ್ಯವಂತರು, ಅತ್ತಿಗೆ. ದಿನಕ್ಕೆ ಒಂದು ಸಲವಾದ್ರೂ ನಿಮ್ಮ ಅಡುಗೆಮನೆ ಸರಿಯಾಗುತ್ತೆ. ನಮ್ಮನೇದು ಮದುವೆಯಾದಾಗಿಂದ ಹಾಗೇ ಇದೆ."

ಹಾಲು

ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕು. ಉಕ್ಕಿಸಿ ಫೋಟೋ ಹಾಕಿದರೆ ಅಕ್ಕ ಕರಗಿಯಾಳು ಅಂತ ನನ್ನ ಲೆಕ್ಕಾಚಾರ.

ದೋಣಿಯ ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಹಾಕಿರುತ್ತಾರೆ. ದೋಣಿ ಪಕ್ಕಕ್ಕೆ ವಾಲಿದರೂ ಪಾತ್ರೆ ವಾಲುವುದಿಲ್ಲ. ಯಜಮಾನರಿಗೆ ಅದರ ಬಗ್ಗೆ ಬಹಳ ಹೆಮ್ಮೆ. "ಈ ಒಲೆ ಮೇಲಿಂದ ಒಂದು ಹನಿ ಹೊರಗೆ ಬೀಳಲ್ಲ, ನೋಡ್ತಿರು" ಅಂದರು.

"ಇವತ್ತು ಬೀಳಬೇಕು, ಮಾರಾಯ್ರೆ" ಅಂದೆ.

ದೀಪ ಹಚ್ಚಿ, ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಹಾಲಿಟ್ಟೆ. ನಾನು ಕ್ಯಾಮರಾ ಹಿಡಿದು ನಿಂತೆ. ಹಾಲು ಏರಿತು, ಏರಿತು, ಅಂಚಿಗೆ ಬಂತು. ಅಷ್ಟರಲ್ಲಿ ಯಜಮಾನರು ಟಪ್ ಅಂತ ಗ್ಯಾಸ್ ಆಫ್ ಮಾಡಿಬಿಟ್ಟರು! ಜೀವಮಾನವೆಲ್ಲ ಹಡಗಿನ ಬಾಯ್ಲರ್ ಕಾದವರು. ಏನಾದರೂ ಉಕ್ಕಿ ಬರುವುದನ್ನು ನೋಡಿದರೆ ಅವರ ಕೈ ತಡೆಯುವುದಿಲ್ಲ.

ಅವರನ್ನು ಮೇಲಕ್ಕೆ ಕಳಿಸಿ ಮತ್ತೆ ಹಚ್ಚಿದೆ. ಈ ಸಲ ಹಾಲು ಅಂಚಿಗೆ ಬರುವ ಮೊದಲೇ ದ್ವೀಪದ ಫೆರ್ರಿ ಭರ್ರನೆ ಎದುರಿಗೆ ಹಾದುಹೋಯಿತು. ಅದರ ಅಲೆ ನೇರವಾಗಿ ನಮ್ಮ ದೋಣಿಯ ಮೂತಿಗೇ ಬಡಿಯಿತು. ಆ ಒಲೆ ಅಕ್ಕಪಕ್ಕ ತೂಗುತ್ತದೆ, ಹಿಂದೆ ಮುಂದೆ ತೂಗುವುದಿಲ್ಲ ಅಂತ ಆಗ ತಿಳಿಯಿತು. ಹಾಲು ನೆಲಕ್ಕೆ, ನನ್ನ ಸೀರೆಗೆ, ಕ್ಯಾಮರಾಕ್ಕೆ. ಆದರೂ ಒಂದು ಫೋಟೋ ಬಂದಿತ್ತು. ಧೈರ್ಯವಾಗಿ "ಹಾಲು ಉಕ್ಕಿತು" ಅಂತ ಬರೆದು ಹಾಕಿದೆ.

ಸಂಜೆಗೆ ಸೊಸೆಯ ಹೆಸರಿನಲ್ಲಿ ಕಾಮೆಂಟ್ ಬಂತು: "ಇದು ಉಕ್ಕಿದ್ದಲ್ಲ, ಚೆಲ್ಲಿದ್ದು. ಲಂಗ ಹಾಕ್ಕೊಳ್ಳೋ ವಯಸ್ಸಿಂದ್ಲೂ ಇದೇ ಕಥೆ. ಹಾಲಿಟ್ಟು ಕಿಟಕಿ ಆಚೆ ನೋಡ್ತಾ ನಿಲ್ಲೋದು ನೀನು, ಬೈಗುಳ ನನಗೆ."

ನಾನು ಲಂಗ ಹಾಕುತ್ತಿದ್ದಾಗ ಆ ಸೊಸೆಯ ಅಪ್ಪನಿಗೇ ಇನ್ನೂ ಮೀಸೆ ಬಂದಿರಲಿಲ್ಲ.

ಊಟ ಆಯ್ತಾ?

"ದೋಣಿಯವರು ಸಮುದ್ರ ನೋಡಬೇಕು, ಕಂಪ್ಯೂಟರ್ ಪರದೆ ನೋಡೋದಲ್ಲ" ಅಂತ ಯಜಮಾನರು ಆಗಾಗ ಹೇಳುತ್ತಿದ್ದರು. ಒಂದು ಬೆಳಿಗ್ಗೆಯಿಂದ ಹೇಳುವುದನ್ನು ಬಿಟ್ಟರು.

ನಮ್ಮ ಲ್ಯಾಪ್‌ಟಾಪಿನ ಮೇಲೆ ಉಪ್ಪುನೀರು ಬಿದ್ದು ಅದು ಕೆಟ್ಟಿತ್ತು. ಯಜಮಾನರಿಗೆ ಜ್ವರ ಬೇರೆ, ಹಾಗಾಗಿ ದಡಕ್ಕೂ ಹೋಗಲಿಲ್ಲ. ಎಂಟು ಹತ್ತು ದಿನ ಬ್ಲಾಗೂ ಇಲ್ಲ, ಫೋನೂ ಇಲ್ಲ. ಅವತ್ತು ಬೆಳಿಗ್ಗೆ ಯಾರೋ ದೋಣಿಯ ಮೈ ತಟ್ಟಿದರು. ನೋಡಿದರೆ ಪಕ್ಕದ ದೋಣಿಯ ಡಚ್ ಮುದುಕ, ಪುಟ್ಟ ರಬ್ಬರ್ ದೋಣಿಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಬಹಳ ಗಂಭೀರವಾಗಿ ಕೇಳಿದ: "ನಿಮ್ಮ ಅಕ್ಕ ಕೇಳಿದ್ದಾರೆ. ಊಟ ಆಯ್ತಾ?"

ನನಗೆ ಏನೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಆಸ್ಟ್ರೇಲಿಯಾದ ಗಂಡ ಹೆಂಡತಿ ಬಂದರು. "ಶೀತವಿದ್ದರೆ ಮೊಸರು ತಿನ್ನಬಾರದಂತೆ, ಹೇಳಿ ಅಂದಿದ್ದಾರೆ." ಅವರ ಹಿಂದೆಯೇ ಒಬ್ಬ ಫ್ರೆಂಚ್ ಹೆಂಗಸು ಬಿಸಿ ಸೂಪಿನ ಪಾತ್ರೆ ಹಿಡಿದು ಬಂದಳು. "ಮೈ ಸರಿಯಿಲ್ಲದಿದ್ದಾಗ ನೀವು ಅಡುಗೆಗೆ ಸೋಮಾರಿತನ ಮಾಡ್ತೀರಂತೆ" ಅಂದಳು.

ನನ್ನ ಬ್ಲಾಗಿನ ಪಕ್ಕದಲ್ಲಿ ಅಕ್ಕಪಕ್ಕದ ದೋಣಿಯವರ ಬ್ಲಾಗುಗಳ ಹೆಸರು ಹಾಕಿದ್ದೆ. ಅಕ್ಕ ಸೊಸೆಯನ್ನು ಕೂರಿಸಿಕೊಂಡು ಒಂದನ್ನೂ ಬಿಡದೆ ಎಲ್ಲದರಲ್ಲೂ ಇಂಗ್ಲಿಷಿನಲ್ಲಿ ಕಾಮೆಂಟ್ ಹಾಕಿಸಿದ್ದಳು. ಭದ್ರಾವತಿಯಿಂದ ಕೂಗಿದರೆ ಲಂಕಾವಿಯಲ್ಲಿ ಬಾಗಿಲು ತಟ್ಟುತ್ತಾರೆ. ಇದಕ್ಕಿಂತ ದೊಡ್ಡ ಉಪಯೋಗ ಬ್ಲಾಗಿನಿಂದ ಬೇರೇನು ಬೇಕು?

ಎಲ್ಲರೂ ಹೋದರೂ ಡಚ್ ಮುದುಕ ಮಾತ್ರ ಅಲ್ಲೇ ನಿಂತಿದ್ದ. "ನಿಮ್ಮ ಅಕ್ಕನಿಗೆ ಏನಂತ ಬರೀಲಿ?" ಅಂದ.

"ಊಟ ಆಯ್ತು ಅಂತ ಬರೀರಿ."

"ನಿಮ್ಮದು ಸರಿ. ನನ್ನದೂ ಆಯ್ತಾ ಅಂತ ಕೇಳಿದ್ದಾರಲ್ಲ? ನಾನಿನ್ನೂ ಮಾಡಿಲ್ಲ."

ಜಗಲಿ

ಅದರ ಮುಂದಿನ ವರ್ಷ ಶಿವಮೊಗ್ಗದಲ್ಲಿ ಒಂದು ಮದುವೆಗೆ ಬಂದವಳು, ಮಾರನೆಯ ದಿನ ಭದ್ರಾವತಿಯ ಬಸ್ಸು ಹತ್ತಿದೆ. ಈ ಸಲ ಅಕ್ಕನನ್ನು ಕರೆದುಕೊಂಡೇ ಹೋಗುವುದು ಅಂತ ತೀರ್ಮಾನ ಮಾಡಿದ್ದೆ. ಇಬ್ಬರಿಗೂ ವಯಸ್ಸಾಗಿದೆ. ಈಗ ಬಾರದವಳು ಇನ್ನು ಯಾವಾಗ ಬರುತ್ತಾಳೆ?

ಅಕ್ಕ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸುತ್ತ ಬೀದಿಯ ಹೆಂಗಸರು. ನಾನು ಕೂತದ್ದೇ ತಡ, ಎದುರು ಮನೆಯಾಕೆ ಶುರು ಮಾಡಿದರು.

"ತಿಮಿಂಗಿಲ ಬಂದು ನಿಮ್ಮ ದೋಣಿಗೆ ಬೆನ್ನು ಉಜ್ಜಿಕೊಂಡ್ತಂತೆ?"

ನಾನು ಬ್ಲಾಗಿನಲ್ಲಿ ಬರೆದದ್ದು, ದೂರದಲ್ಲಿ ಎರಡು ಡಾಲ್ಫಿನ್ ಕಂಡವು ಅಂತ. "ಇಲ್ಲಮ್ಮ, ಅದು ಡಾಲ್ಫಿನ್. ಬಹಳ ದೂರ ಇತ್ತು" ಅಂದೆ.

"ತಿಮಿಂಗಿಲವೇ ಕಣ್ರೀ. ಸಕ್ರೆಬೈಲಿನ ಎರಡು ಆನೆ ಸೇರಿಸಿದಷ್ಟು ದಪ್ಪ ಇತ್ತಂತೆ."

"ನಾನು ಅಲ್ಲೇ ಇದ್ದೆನಲ್ಲಮ್ಮ!"

"ನೀವು ಒಳಗೆ ಅಡುಗೆ ಮಾಡ್ತಿದ್ರಂತೆ. ನೋಡಿದ್ದು ನಿಮ್ಮಕ್ಕ."

ನಾನು ಅಕ್ಕನ ಕಡೆ ತಿರುಗಿದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ. ಅಷ್ಟು ಶ್ರದ್ಧೆಯಿಂದ ಅಕ್ಕಿಯಲ್ಲಿ ಕಲ್ಲು ಹುಡುಕಿದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ.

"ಹೌದ್ ಹೌದು," ಅಂದೆ. "ನಾನು ಒಳಗಿದ್ದೆ. ಮರೆತೇಬಿಟ್ಟಿದ್ದೆ."

"ಮತ್ತೆ ಆ ಹಾಯಿ ಹರಿದಾಗ ನಿಮ್ಮಕ್ಕನೇ ಹೊಲಿದು ಕೊಟ್ಟರಂತಲ್ಲ?" ಅಂದರು ಪಕ್ಕದ ಮನೆಯಾಕೆ.

"ಅವಳಿಲ್ಲದಿದ್ರೆ ನಾವು ಇವತ್ತು ಇರ್ತಿರಲಿಲ್ಲ, ಬಿಡಿ."

ಹೆಂಗಸರು ಎದ್ದುಹೋದ ಮೇಲೆ ಅಕ್ಕನನ್ನು ಒಳಗೆ ಎಳೆದುಕೊಂಡು ಹೋದೆ. "ಯಾವಾಗ ಕಣೇ ನೀನು ದೋಣಿಗೆ ಬಂದಿದ್ದು?"

"ಕಣ್ಣಿನ ಆಪರೇಷನ್ ಆಗಿ ಶಿವಮೊಗ್ಗದಲ್ಲಿ ಮಗಳ ಹತ್ರ ಇದ್ನಲ್ಲ, ಆಗ."

"ಅಕ್ಕಾ!"

"ಇನ್ನೇನು ಮಾಡ್ಲಿ? ಇಷ್ಟು ವರ್ಷ ಆಯ್ತು, ನಿಮ್ಮ ತಂಗಿ ನಿಮ್ಮನ್ನ ಒಂದ್ಸಲನೂ ಕರೀಲಿಲ್ವಾ ಅಂತ ಕೇಳಿದ್ರು. ನಿನ್ನ ಮರ್ಯಾದೆ ಉಳಿಸೋಕೆ ನಾನೇ ಹೋಗಿ ಬಂದುಬಿಟ್ಟೆ."

"ಕರೀಲಿಲ್ಲ ಅಂದ್ರೆ? ಬಾ, ಬಾ ಅಂತ ಬ್ಲಾಗಲ್ಲಿ ಎಷ್ಟು ಸಲ ಬರೆದಿಲ್ಲ?"

"ಊರಿಗೆಲ್ಲ ಬರೆದ ಹಾಗೆ ಬರೆದ್ರೆ ಅದು ಕರೆಯೋದೇನೇ? ಎದುರಿಗೆ ಬಂದು, ಕುಂಕುಮ ಇಟ್ಟು ಕರೀಬೇಕು."

ಇಷ್ಟು ವರ್ಷ ಇದೊಂದಕ್ಕಾಗಿ ಕಾದಿದ್ದಳೇ! ದೇವರ ಗೂಡಿನಿಂದ ಭರಣಿ ತಂದೆ. ಅವಳ ಹಣೆಗೆ ಕುಂಕುಮ ಇಟ್ಟು, "ನೀನು ಬರಲೇಬೇಕು, ಅಕ್ಕ" ಅಂದೆ.

ಅಕ್ಕ ಕನ್ನಡಿ ಮುಂದೆ ಹೋಗಿ, ಬೆರಳ ತುದಿಯಲ್ಲಿ ಕುಂಕುಮ ಸರಿಮಾಡಿಕೊಂಡಳು. ಆಮೇಲೆ ದನಿ ತಗ್ಗಿಸಿ ಹೇಳಿದಳು.

"ಬರ್ತೀನಿ. ಆದ್ರೆ ಈ ಬೀದಿಯಲ್ಲಿ ಒಬ್ಬರಿಗೂ ಹೇಳಬೇಡ."

"ಯಾಕೇ?"

"ಹೋದ ವರ್ಷ ತಾನೇ ಹೋಗಿ ಬಂದಿದ್ದೀನಿ. ಎಷ್ಟೇ ಆದ್ರೂ ತಂಗಿ ಮನೆ, ಪದೇ ಪದೇ ಹೋಗಿ ಬೀಳೋಕಾಗುತ್ತೇನೇ, ಮಾರಾಯ್ತಿ?"