ಸೀರೆ ಗಾರ್ಡ್ ನೋಡಿ ಕೊಂಡ ಗಾಡಿ

ದೇವರು ನನಗೆ ಎಲ್ಲವನ್ನೂ ಕೊಟ್ಟಿದ್ದಾನೆ, ನೆಮ್ಮದಿಯಾಗಿ ಒಂದು ಕಡೆ ಕೂರುವ ಗುಣವೊಂದನ್ನು ಬಿಟ್ಟು. ಒಲೆಯ ಮೇಲೆ ಹಾಲಿಟ್ಟರೆ ಅದು ಉಕ್ಕುವ ಮೊದಲೇ ಉಕ್ಕಿತೆಂದು ಓಡುವವಳು ನಾನು. ಉಕ್ಕದೆ ಇದ್ದರೆ ‘ಸದ್ಯ’ ಎಂದು ಕೈ ಮುಗಿಯುತ್ತೇನೆ. ಈ ‘ಸದ್ಯ’ ಎಂಬ ಮಾತೊಂದು ಇಲ್ಲದಿದ್ದರೆ ನನ್ನ ಸಂಸಾರ ಹೇಗೆ ಸಾಗುತ್ತಿತ್ತೋ ಕಾಣೆ. ನಲ್ಲಿಯಲ್ಲಿ ನೀರು ದಾರದಷ್ಟು ಬಂದರೆ, ಸದ್ಯ, ಬಂತಲ್ಲ. ಕರೆಂಟು ಹೋದರೆ, ಸದ್ಯ, ದೋಸೆ ಹಿಟ್ಟು ರುಬ್ಬಿ ಆಗಿತ್ತಲ್ಲ. ಹೀಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಸಣ್ಣಪುಟ್ಟ ಕೃಪೆಗಳನ್ನು ಕಲ್ಲಿನ ನಡುವಿಂದ ಅಕ್ಕಿ ಆರಿಸುವ ಹಾಗೆ ಆರಿಸಿ ಇಟ್ಟುಕೊಂಡು ಕಾಲ ಹಾಕುವವಳ ಮನೆಗೆ, ಒಂದು ಭಾನುವಾರ, ಮೋಟಾರ್ ಸೈಕಲ್ಲಿನ ವಿಚಾರ ಕಾಲಿಟ್ಟಿತು.

ಆಗಿನ್ನೂ ಮೊಬೈಲ್ ಫೋನು ಎಲ್ಲರ ಜೇಬಿಗೆ ಬಂದಿರಲಿಲ್ಲ. ನಮ್ಮನೆಯವರು ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಲವತ್ತು ಹತ್ತಿರ ಬಂದಿತ್ತು. ಆಫೀಸಿಗೆ, ತರಕಾರಿಗೆ, ನನ್ನನ್ನು ದೇವಸ್ಥಾನಕ್ಕೆ ಬಿಡುವುದಕ್ಕೆ ಎಲ್ಲಕ್ಕೂ ಒಂದು ಸ್ಕೂಟರ್ ಇತ್ತು. ಅದನ್ನು ಅವರು ಓಡಿಸುವ ರೀತಿ ನೋಡಿದವರು ಯಾರೂ, ಈ ಮನುಷ್ಯನ ಎದೆಯಲ್ಲಿ ಇಂಥ ಆಸೆ ಇದೆ ಎಂದು ನಂಬುತ್ತಿರಲಿಲ್ಲ. ಅವರ ಆಫೀಸಿಗೆ ಹೊಸದಾಗಿ ಬಂದಿದ್ದ ಮಂಜುನಾಥ ಎಂಬ ಹುಡುಗ ಬೈಕುಗಳ ಪತ್ರಿಕೆಗಳನ್ನು ತಂದು ತೋರಿಸಿದನಂತೆ. ಚೆನ್ನೈ ಹತ್ತಿರ ರೇಸಿಗೆಂದೇ ಮಾಡಿದ ರಸ್ತೆ ಇದೆಯಂತೆ. ‘ಟ್ರ್ಯಾಕ್ ಡೇ’ ಅಂತ ಒಂದು ದಿನ ಗೊತ್ತು ಮಾಡುತ್ತಾರಂತೆ. ಆ ದಿನ ಸಾಮಾನ್ಯ ಜನರೂ ತಮ್ಮ ತಮ್ಮ ಗಾಡಿ ತಗೊಂಡು ಹೋಗಿ, ಎದುರಿಗೆ ಬಸ್ಸು, ಎಮ್ಮೆ ಯಾವುದೂ ಇಲ್ಲದ ಆ ರಸ್ತೆಯಲ್ಲಿ ಮನಸಾರೆ ಓಡಿಸಬಹುದಂತೆ. ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದೆ. ಎಲ್ಲಿಗೂ ಹೋಗುವುದಿಲ್ಲ, ಸುತ್ತುವುದು ಎಂದರು. ಪ್ರದಕ್ಷಿಣೆಗಾದರೆ ನಡುವೆ ದೇವರಿರುತ್ತಾನೆ, ಅಲ್ಲಿ ನಡುವೆ ಏನಿದೆ ಎಂದು ಕೇಳಿದೆ. ಹುಲ್ಲು ಎಂದರು.

ಅಲ್ಲಿಂದ ಮನೆಯ ಶಾಂತಿ ಹೋಯಿತು. ಸ್ಕೂಟರ್ ಅಲ್ಲಿಗೆ ನಡೆಯದು, ಒಂದು ಹಳೇ ಮೋಟಾರ್ ಸೈಕಲ್ ಬೇಕು ಎಂದು ಹುಡುಕಾಟ ಶುರುವಾಯಿತು. ಪತ್ರಿಕೆಯಲ್ಲಿ ಬರೆದಿತ್ತಂತೆ, ಮೊದಲ ಸಲ ಟ್ರ್ಯಾಕಿಗೆ ಹೋಗುವವರು ದೊಡ್ಡ ಗಾಡಿಯ ಆಸೆ ಪಡಬಾರದು, ಹಗುರವಾದ, ಚಿಕ್ಕದಾದ, ಬಿದ್ದರೆ ಅಳು ಬಾರದ ಗಾಡಿ ಕೊಳ್ಳಬೇಕು ಎಂದು. ನಾನು ಉಳಿದದ್ದೆಲ್ಲ ಬಿಟ್ಟು ‘ಬಿದ್ದರೆ’ ಎಂಬ ಒಂದು ಮಾತನ್ನು ಹಿಡಿದುಕೊಂಡೆ. ಅಳು ಯಾರಿಗೆ ಬಾರದು ಎಂದು ಪತ್ರಿಕೆಯವರು ಬರೆದಿದ್ದರೋ ಇಲ್ಲವೋ. ಊಟಕ್ಕೆ ಕೂತರೆ ನೀರಿನ ಲೋಟವನ್ನು ಬಲಗೈಯಲ್ಲಿ ಹಿಡಿದು ಆಕ್ಸಿಲೇಟರ್ ತಿರುಚಿದ ಹಾಗೆ ತಿರುಚುವುದು, ಅಡುಗೆಮನೆಯ ಸ್ಟೂಲಿನ ಮೇಲೆ ಬಗ್ಗಿ ಕೂತು ಒಂದು ಮೊಣಕಾಲು ಹೊರಗೆ ಚಾಚುವುದು. ಏನಿದು ಎಂದರೆ, ತಿರುವಿನಲ್ಲಿ ಮೊಣಕಾಲು ನೆಲಕ್ಕೆ ಮುಟ್ಟಬೇಕಂತೆ. ದೇವರಿಗೆ ಒಂದು ದೀರ್ಘದಂಡ ನಮಸ್ಕಾರ ಹಾಕಿ ಎಂದರೆ ಮಂಡಿ ನೋವು ಎನ್ನುತ್ತಿದ್ದ ಗಂಡ, ಈಗ ಕಾಸು ಕೊಟ್ಟು ಟಾರು ರಸ್ತೆಗೆ ಮಂಡಿ ಮುಟ್ಟಿಸಿ ಬರುತ್ತೇನೆ ಎಂದು ಹೊರಟರೆ ಹೆಂಡತಿಗೆ ಹೇಗಾಗಬೇಡ.

ನಮ್ಮ ಅತ್ತೆಗೆ ಕಿವಿ ಸ್ವಲ್ಪ ಮಂದ. ಅವರು ‘ಟ್ರ್ಯಾಕ್’ ಎಂಬುದನ್ನು ಟ್ರ್ಯಾಕ್ಟರ್ ಎಂದು ಕೇಳಿಸಿಕೊಂಡು, ಮಗ ಟ್ರ್ಯಾಕ್ಟರ್ ಕೊಳ್ಳುತ್ತಾನೆಂದು ಬೀದಿಗೆಲ್ಲ ಹೇಳಿಬಿಟ್ಟಿದ್ದರು. ಸಿ.ಎಸ್. ಪುರದ ನಮ್ಮ ನಾದಿನಿಯ ಗಂಡ ಒಂದು ದಿನ ಬಸ್ಸಿಳಿದು ಬಂದು, ಹೊರಗಿನವರಿಗೆ ಬಾಡಿಗೆಗೆ ಬಿಡುವ ಮೊದಲು ನಮ್ಮ ಹೊಲ ಉತ್ತುಕೊಡಬೇಕು ಎಂದು ಮುಂಗಡ ಮಾತಾಡಿ, ಹಲಸಿನ ಹಣ್ಣು ಇಟ್ಟು ಹೋದರು. ನಿಜ ತಿಳಿದ ಮೇಲೆ ಅತ್ತೆಗೆ ಬೇಸರವೇನೂ ಆಗಲಿಲ್ಲ. ಅವರದು ಕುಣಿಗಲ್. ರೇಸಿನ ಕುದುರೆ ಸಾಕುವ ಊರು. ಕುದುರೆಗಳನ್ನು ಬೇಲಿಯಾಚೆಯಿಂದ ನೋಡುತ್ತಲೇ ಬೆಳೆದ ಮಗನಿಗೆ ಈ ಗೀಳು ಬಾರದೆ ಇನ್ನೇನು ಎಂಬಂತೆ ತಲೆ ಆಡಿಸಿದರು. ಆಮೇಲೆ ನನ್ನನ್ನು ಒಳಗೆ ಕರೆದರು.

"ಅವ್ನೊಬ್ಬನ್ನೇ ಕಳಿಸ್ಬೇಡ ಕಣೇ ರತ್ನ. ಬದನೆಕಾಯಿ ತರಕ್ಕೋದ್ರೇನೇ ಹುಳುಕು ಆರಿಸ್ಕೊಂಡು ಬತ್ತಾನೆ. ಇನ್ನು ಗಾಡಿ ತಂದಂಗೇಯ. ನಮ್ಮೂರಲ್ಲಿ ಕುದುರೆ ಕೊಳ್ಳೋರು ಮೊದ್ಲು ಹಲ್ಲು ನೋಡ್ತಾರೆ, ಆಮೇಲೆ ಅದನ್ನ ಸಾಕ್ದೋರ ಮುಖ ನೋಡ್ತಾರೆ. ಹಲ್ಲು ಅವ್ನು ನೋಡ್ಲಿ ಬುಡು, ಮುಖ ನೀನು ನೋಡು."

ಹೀಗೆ ನಾನು ಗಾಡಿ ನೋಡಲು ಹೊರಟೆ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಎಷ್ಟು ಗಾಡಿ ನೋಡಿದರೂ ಎಲ್ಲದರಲ್ಲೂ ಒಂದೊಂದು ಊನ ಹುಡುಕಿ ಅವರಿಗೆ ಬೇಸರ ತರಿಸಿದರೆ, ಈ ಗ್ರಹಚಾರ ತಾನಾಗಿ ಕಳೆದೀತು ಎಂದು. ನಮ್ಮ ಬೀದಿ ಕೊನೆಯ ಆಂಜನೇಯನಿಗೆ ಹರಕೆಯನ್ನೂ ಹೊತ್ತೆ. ಗಾಡಿ ಸಿಗದಿರಲಿ. ಒಂದು ವೇಳೆ ಸಿಕ್ಕರೂ, ಇವರು ನಿಧಾನವಾಗಿ ಹೋಗಿ ಕೈಕಾಲು ಸಮೇತ ಬರಲಿ, ವಡೆಯ ಹಾರ ಹಾಕಿಸುತ್ತೇನೆ ಎಂದು.

ಮೊದಲ ಗಾಡಿ ತುಮಕೂರಿನ ಸದಾಶಿವನಗರದಲ್ಲೇ, ಒಬ್ಬ ಇಂಜಿನಿಯರಿಂಗ್ ಹುಡುಗನದು. ಕೆಂಪು ಬಣ್ಣ, ಮೈ ತುಂಬಾ ಸ್ಟಿಕ್ಕರು, ಸೈಲೆನ್ಸರಿನ ಸದ್ದಿಗೆ ಪಕ್ಕದ ಮನೆಯ ಪಾತ್ರೆಗಳೆಲ್ಲ ಅಲುಗಾಡಿದವು. ನಮ್ಮನೆಯವರ ಮುಖ ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ. ಹುಡುಗ ನನ್ನ ಕಡೆ ತಿರುಗಿ, ಗಾಡಿ ಒಂದು ಸಲವೂ ಬಿದ್ದಿಲ್ಲ ಆಂಟಿ ಎಂದ. ಹೇಳುವಾಗ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಳ್ಳುತ್ತಿದ್ದ. ಅದರ ಕೆಳಗೆ ಬ್ಯಾಂಡೇಜಿನ ಅಂಚು ಕಾಣುತ್ತಿತ್ತು. ಅಷ್ಟರಲ್ಲಿ ಅವನ ತಾಯಿ ಕಾಫಿ ತಂದು, ನನ್ನ ಪಕ್ಕ ಕೂತು, ತಗ್ಗಿದ ದನಿಯಲ್ಲಿ, ದಯವಿಟ್ಟು ತಗೊಂಡೋಗ್ಬಿಡ್ರೀ, ನಿಮಗೆ ಪುಣ್ಯ ಬರ್ತದೆ ಎಂದರು. ಒಬ್ಬ ತಾಯಿಯ ಎದೆಯ ಭಾರವನ್ನು ನನ್ನ ಮನೆಗೆ ಸಾಗಿಸಿಕೊಳ್ಳುವಷ್ಟು ಪುಣ್ಯವಂತೆ ನಾನಲ್ಲ. ಕಾಫಿ ಚೆನ್ನಾಗಿತ್ತು, ಸದ್ಯ.

ಎರಡನೆಯದು ಊರ್ಡಿಗೆರೆಯಲ್ಲಿ. ಹಾಲು ಹಾಕುವವರ ಗಾಡಿ. ಎರಡೂ ಕಡೆ ಕ್ಯಾನು ನೇತುಹಾಕುವ ಕಬ್ಬಿಣದ ಕೊಕ್ಕೆ, ಸೀಟಿಗೆಲ್ಲ ಮಜ್ಜಿಗೆಯ ವಾಸನೆ. ನನಗೆ ನೋಡಿದ ಕೂಡಲೇ ಮನಸ್ಸಿಗೆ ಹಿತವಾಯಿತು. ಗೋವಿನ ಸೇವೆ ಮಾಡಿದ ಗಾಡಿ. ಆದರೆ ಇವರು ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ, ಭಾರ ಹೊತ್ತೂ ಹೊತ್ತೂ ಚಾಸಿ ಬಗ್ಗಿದೆ, ಮುಂದಿನ ಚಕ್ರ ಒಂದು ದಾರಿ, ಹಿಂದಿನದು ಇನ್ನೊಂದು ದಾರಿ ಎಂದರು. ಒಂದು ಸುತ್ತು ಓಡಿಸಿ ಬಂದು, ಪ್ರತಿ ಮನೆ ಮುಂದೆಯೂ ಅದು ತಾನಾಗಿ ನಿಧಾನವಾಗುತ್ತದೆ ಎಂದೂ ಹೇಳಿದರು. ತಮಾಷೆಗೆ ಹೇಳಿದರೋ ನಿಜಕ್ಕೋ ಗೊತ್ತಿಲ್ಲ. ನಾನಂತೂ ಅದೇ ಇರಲಿ ಎಂದೆ.

ಮೂರನೆಯದಕ್ಕೆ ಗುಬ್ಬಿಗೆ ಹೋದೆವು. ಬಳೆ ಅಂಗಡಿಯ ಸಾಹೇಬರ ಗಾಡಿ. ಮನೆಯ ಜಗಲಿ ಮೇಲೆ, ಹಳೇ ಬೆಡ್‌ಶೀಟ್ ಹೊದಿಸಿ ನಿಲ್ಲಿಸಿದ್ದರು. ಕಪ್ಪು ಬಣ್ಣ, ಎಲ್ಲೂ ಗೀರಿಲ್ಲ. ನಮ್ಮನೆಯವರು ಚೈನು ಎತ್ತಿ ನೋಡಿದರು, ಮುಂದಿನ ಫೋರ್ಕಿನಲ್ಲಿ ಆಯಿಲ್ ಒಸರಿದೆಯೇ ಎಂದು ಬೆರಳಾಡಿಸಿದರು, ಸ್ಟಾರ್ಟ್ ಮಾಡಿ ಹೊಗೆ ಮೂಸಿದರು. ಎಲ್ಲ ಸರಿ ಇದೆ, ಆದರೆ ಅಂಕಲ್ ಗಾಡಿ ಕಣೆ, ಇದರಲ್ಲಿ ಕಿಚ್ಚಿಲ್ಲ ಎಂದು ನನ್ನ ಕಿವಿಯಲ್ಲಿ ಅಂದು ಮುಖ ಸಣ್ಣದು ಮಾಡಿದರು. ಅವರಿಗೆ ಇನ್ನೂ ಆ ಕೆಂಪು ಗಾಡಿಯ ಮೇಲೇ ಮನಸ್ಸು. ಬರುವ ವಾರ ಅದನ್ನೇ ಮುಗಿಸೋಣ ಎಂದು ಮಂಜುನಾಥನ ಹತ್ತಿರ ಮಾತು ಆಡಿಯೂ ಇದ್ದರಂತೆ. ಆಗ ನನಗೆ ನಿಜವಾಗಿ ಭಯವಾಯಿತು. ಗಾಡಿ ಬರುವುದು ತಪ್ಪದು, ಯಾವುದು ಬರುತ್ತದೆ ಎಂಬುದಷ್ಟೇ ಉಳಿದಿರುವುದು ಎಂದು ಹೊಳೆಯಿತು.

ಹಲ್ಲು ಅವರು ನೋಡಿಯಾಗಿತ್ತು. ನಾನು ಮುಖ ನೋಡಲು ಹೊರಟೆ. ಕಣ್ಣಿಗೆ ಬಿದ್ದದ್ದು ಸೀರೆ ಗಾರ್ಡು. ಹಿಂದೆ ಕೂತವರ ಸೆರಗು ಚಕ್ರಕ್ಕೆ ಸಿಕ್ಕದಿರಲೆಂದು ಎಡಗಡೆ ಹಾಕಿರುತ್ತಾರಲ್ಲ, ಆ ಕಂಬಿ. ಅದೂ, ಅದರ ಕೆಳಗಿನ ಕಾಲಿಡುವ ಪಟ್ಟಿಯೂ, ಚಪ್ಪಲಿ ಉಜ್ಜಿ ಉಜ್ಜಿ ಬೆಳ್ಳಿಯ ಕಾಲುಂಗುರದ ಹಾಗೆ ಹೊಳೆಯುತ್ತಿದ್ದವು. ಬಾಗಿಲಲ್ಲಿ ನಿಂತಿದ್ದ ಸಾಹೇಬರ ಹೆಂಡತಿಯನ್ನು, ನೀವೇ ಕೂರ್ತಿದ್ರಾ ಅಕ್ಕಾ ಎಂದು ಕೇಳಿದೆ.

"ಇನ್ಯಾರಮ್ಮ. ತವರಿಗೆ, ದರ್ಗಾಗೆ, ಎಲ್ಲಾ ಇದ್ರಲ್ಲೇ. ಈಗ ಮಂಡಿ ಕೇಳಲ್ಲ, ಹತ್ತಕ್ಕಾಗಲ್ಲ. ಅದಕ್ಕೇ ಮಾರ್ತಿರೋದು. ಅಲ್ಲಾ ದಯೆ, ಒಂದಿನಾನೂ ಬುರ್ಖಾ ಚಕ್ರಕ್ಕೆ ಸಿಕ್ಕಿಲ್ಲ."

"ಜೋರಾಗಿ ಓಡಿಸ್ತಿದ್ರಾ ಇವ್ರು?"

"ಇವ್ರಾ?" ಎಂದು ಅವರು ಗಂಡನ ಕಡೆ ನೋಡಿ ನಕ್ಕರು. "ಬುಟ್ಟಿ ಬಳೆ ಮಡಿಲಲ್ಲಿಟ್ಕೊಂಡು ಕೂತಿರ್ತಿದ್ದೆ ಕಣಮ್ಮ. ಒಂದು ಬಳೆ ಒಡ್ದಿದ್ರೆ ಕೇಳಿ."

ಸಾಹೇಬರು ಗಡ್ಡ ಸವರಿಕೊಂಡು, ಹಿಂದೆ ಬಳೆ, ಬಳೆ ಹಿಂದೆ ಇವಳು, ಜೋರಾಗಿ ಹೆಂಗೆ ಓಡ್ಸೋದು ಸಾರ್ ಎಂದರು. ನನಗೆ ಇನ್ನೇನೂ ಬೇಕಿರಲಿಲ್ಲ. ಮನುಷ್ಯರಿಗಿದ್ದ ಹಾಗೆ ಗಾಡಿಗೂ ಬೆಳೆದು ಬಂದ ರೀತಿ ಇರುತ್ತದೆ. ಇಷ್ಟು ಕಾಲ ಒಬ್ಬ ಗೃಹಿಣಿಯನ್ನೂ ಅವಳ ಗಾಜಿನ ಬಳೆಗಳನ್ನೂ ಜೋಪಾನವಾಗಿ ಹೊತ್ತ ಗಾಡಿ ನನ್ನ ಗಂಡನನ್ನು ಬೀಳಿಸೀತೇ. ಆದರೆ ಇದನ್ನು ಇವರ ಹತ್ತಿರ ಹೇಳುವ ಹಾಗಿಲ್ಲ. ಆದ್ದರಿಂದ ಪತ್ರಿಕೆಯ ಮಾತನ್ನೇ ತಿರುಗಿಸಿ, ಹಗುರ, ಚಿಕ್ಕದು, ಎಂಜಿನ್ನಿಗೆ ಯಾರೂ ಹಿಂಸೆ ಕೊಟ್ಟಿಲ್ಲ, ಒಳಗಿರೋ ಶಕ್ತಿಯೆಲ್ಲ ಖರ್ಚಾಗದೆ ಹಾಗೇ ಇರುತ್ತದಲ್ಲವೇ ಎಂದೆ. ಅವರು ನನ್ನನ್ನು ಒಮ್ಮೆ, ಗಾಡಿಯನ್ನು ಒಮ್ಮೆ ನೋಡಿದರು. ಹೌದಲ್ಲವೇ ಎಂದರು. ಆ ‘ಹೌದಲ್ಲವೇ’ ಎಂಬುದನ್ನು ನಾನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಬೀಬಿಯವರು ಹೊರಡುವಾಗ ನನಗೆ ಹಸಿರು ಬಳೆ ತೊಡಿಸಿ, ಸೀಟಿನ ಮೇಲೆ ಒಮ್ಮೆ ಕೈ ಆಡಿಸಿ ಒಳಗೆ ಹೋದರು.

ಗಾಡಿ ಮನೆಗೆ ಬಂತು. ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು, ಹ್ಯಾಂಡಲ್ಲಿಗೆ ಕಪ್ಪು ದಾರದಲ್ಲಿ ಮೆಣಸಿನಕಾಯಿ ಕಟ್ಟಿದೆ. ಮಾರನೆಯ ದಿನವೇ ಇವರೂ ಮಂಜುನಾಥನೂ ಕೂಡಿ ಸ್ಪ್ಯಾನರು ಹಿಡಿದು ಕೂತರು. ಟ್ರ್ಯಾಕಿನಲ್ಲಿ ಕನ್ನಡಿ ಇರಬಾರದಂತೆ, ಸ್ಟ್ಯಾಂಡ್ ಇರಬಾರದಂತೆ, ದೀಪಕ್ಕೆ ಟೇಪು ಸುತ್ತಬೇಕಂತೆ, ಮೆಣಸಿನಕಾಯಿಯಂಥದ್ದು ಏನೂ ನೇತಾಡಬಾರದಂತೆ. ಮೊದಲು ಬಿಚ್ಚಿದ್ದು ಸೀರೆ ಗಾರ್ಡನ್ನೇ. ಯಾವುದನ್ನು ನೋಡಿ ನಾನು ಗಾಡಿ ಆರಿಸಿದ್ದೆನೋ ಅದು ಬಚ್ಚಲಮನೆಯ ಸೌದೆಯ ಮೇಲೆ ಹೋಗಿ ಬಿತ್ತು. ಕುಂಕುಮ ಮಾತ್ರ ಎಷ್ಟು ಉಜ್ಜಿದರೂ ಟ್ಯಾಂಕಿನಿಂದ ಪೂರ್ತಿ ಹೋಗಲಿಲ್ಲ, ಸದ್ಯ.

ಮಂಜುನಾಥನ ಗೆಳೆಯರ ಟೆಂಪೋದಲ್ಲಿ ಗಾಡಿಗಳನ್ನು ಹೇರಿಕೊಂಡು ಅವರು ಹೊರಟ ಮೇಲೆ, ಆ ಎರಡು ದಿನ ನಾನು ಮನೆಯೊಳಗೇ ಸುತ್ತು ಹೊಡೆದೆ. ತೊಳೆದ ಉಪ್ಪಿನಕಾಯಿ ಜಾಡಿಗಳನ್ನೇ ಮತ್ತೆ ತೊಳೆದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಫೋನು ಬಡಿದುಕೊಂಡರೆ ಎತ್ತಲು ಕೈ ಬಾರದೆ ಅತ್ತೆಯನ್ನು ಕರೆಯುತ್ತಿದ್ದೆ. ಕಿವಿ ಕೇಳದ ಅವರು ಎತ್ತಿ, ಟ್ರ್ಯಾಕ್ಟರ್ ಇಲ್ಲ ಎಂದು ಹೇಳಿ ಇಡುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಇವರು ಬಂದರು. ಬಾಣಂತಿಯ ಹಾಗೆ ಕಾಲು ಅಗಲಿಸಿಕೊಂಡು ನಡೆಯುತ್ತಿದ್ದರು, ಆದರೆ ಕೈಕಾಲು ಎಲ್ಲ ಇದ್ದವು. ದೇವರ ಮುಂದೆ ತುಪ್ಪದ ದೀಪ ಹಚ್ಚಿ ಬಂದು ಎದುರಿಗೆ ಕೂತೆ. ಟ್ರ್ಯಾಕಿನಲ್ಲಿ ಬಾಡಿಗೆಗೆ ಪಡೆದ ಚರ್ಮದ ಅಂಗಿಯ ಜಿಪ್ಪು ಹೊಟ್ಟೆಯ ಹತ್ತಿರ ನಿಂತುಬಿಟ್ಟಿತಂತೆ, ಇಬ್ಬರು ಹಿಡಿದು ಎಳೆದರಂತೆ. ಮುಖ ಹುಡುಗನ ಮುಖದಂತೆ ಬೆಳಗುತ್ತಿತ್ತು. ಅಷ್ಟು ಖುಷಿಯನ್ನು ನೋಡಿ ನನಗೂ ಖುಷಿಯಾಗಿ, ಎಷ್ಟು ಜನರನ್ನ ಹಿಂದೆ ಹಾಕಿದ್ರಿ ಎಂದು ಕೇಳಿದೆ.

"ಹಿಂದೆ ಹಾಕೋದಾ? ನನ್ನನ್ನೇ ಎಲ್ರೂ ಹಾಕಿದ್ರು."

"ಎಲ್ರೂ ಅಂದ್ರೆ? ಮಂಜುನಾಥಾನೂ?"

"ಅವ್ನು ಎರಡು ಸಲ. ಒಂದು ಹುಡುಗೀನೂ ಹೋದ್ಲು."

"ನಿಮ್ಮ ಹಿಂದೆ ಯಾರೂ ಇರ್ಲಿಲ್ವಾ?"

ಅವರು ಸ್ವಲ್ಪ ಯೋಚಿಸಿ, "ಆಂಬುಲೆನ್ಸ್ ಇತ್ತು. ಅದು ನಿಂತಿತ್ತು," ಎಂದರು. ಬಿಸಿನೀರು ಹಾಕಿಕೊಂಡು, ಉಂಡು, ಮಗುವಿನ ಹಾಗೆ ಮಲಗಿಬಿಟ್ಟರು.

ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಮೊನ್ನೆ ಇವರು ಜೋರಾಗಿ ಹೋದಾರೆಂದು ಜಾಡಿ ತೊಳೆದಿದ್ದೆ. ಈಗ ಹೋಗಲಿಲ್ಲವಲ್ಲ ಎಂದು ಅದೇ ಜಾಡಿಗಳನ್ನು ಮತ್ತೆ ಇಳಿಸಿದೆ. ನಾನು ಆರಿಸಿದ ಗಾಡಿ, ಅಷ್ಟು ಗಾಡಿಗಳಲ್ಲಿ ಕಡೆಯದೇ. ಸಂಜೆ ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟಾಗ, ನಾನೇ ಮುಂದೆ ನಿಂತು ಏನು ದೋಷ ಎಂದು ಕೇಳಿದೆ. ಅವನು ಎಂಜಿನ್ ಬಿಚ್ಚಿ, ಒಳಗೆ ಕಟ್ಟಿದ್ದ ಮಸಿ ತೋರಿಸಿ, "ಇದನ್ನ ಯಾರೂ ಓಡ್ಸೇ ಇಲ್ಲ ಅಕ್ಕ, ಬರೀ ನಡ್ಸವ್ರೆ," ಎಂದ.

ಶನಿವಾರ ಹರಕೆ ತೀರಿಸಲು ವಡೆಹಾರ ಹಿಡಿದು ಆಂಜನೇಯನ ಗುಡಿಗೆ ಹೋದೆ. ನಿಂತಾಗ ನನ್ನ ದಡ್ಡತನ ನನಗೇ ಹೊಳೆಯಿತು. ಗಾಳಿಯ ಮಗನ ಹತ್ತಿರ ಬಂದು, ನಿಧಾನ ಕೊಡಪ್ಪಾ ಎಂದು ಬೇಡಿಕೊಂಡವಳು ಇಡೀ ತುಮಕೂರಿನಲ್ಲಿ ನಾನೊಬ್ಬಳೇ ಇರಬೇಕು. ಪಾಪ, ಅವನು ತನ್ನ ಸ್ವಭಾವಕ್ಕೇ ವಿರುದ್ಧವಾಗಿ ನಡೆಸಿಕೊಟ್ಟಿದ್ದ. ಅರ್ಚಕರು ಗೋತ್ರ ನಕ್ಷತ್ರ ಕೇಳಿ, ಏನಮ್ಮಾ ಸಂಕಲ್ಪ ಎಂದರು. ಯಜಮಾನರಿಗೆ ಆಯುರಾರೋಗ್ಯ ಎಂದೆ. ಸುಮ್ಮನಿರಬಹುದಿತ್ತು. ಬಾಯಿ ಸುಮ್ಮನಿರಲಿಲ್ಲ.

"ಎಲ್ರೂ ಇವ್ರನ್ನ ದಾಟ್ಕೊಂಡು ಮುಂದೆ ಹೋಗ್ತವ್ರೆ ಸ್ವಾಮಿ. ಮೊನ್ನೆ ಬಂದ ಹುಡುಗ್ರೂ. ಒಬ್ಬಿಬ್ಬರನ್ನಾದ್ರೂ ಇವ್ರು ದಾಟೋ ಹಾಗೆ..."

"ಪ್ರಮೋಷನ್ ವಿಷಯ," ಎಂದು ಅರ್ಚಕರು ಮರುಕದಿಂದ ತಲೆದೂಗಿ, ಮಂಗಳಾರತಿ ಎತ್ತಿದರು. ನಾನು ಕಣ್ಣು ಮುಚ್ಚಿ ನಿಂತು, ಅವರಿಗೆ ಕೇಳದ ಹಾಗೆ, ಮೊದಲು ಆ ಮಂಜುನಾಥನನ್ನ ಎಂದು ಸೇರಿಸಿದೆ.