ಮೂವತ್ತು ರೂಪಾಯಿಯ ಡಾಕ್ಟರು

ಫ್ಯಾಮಿಲಿ ಡಾಕ್ಟರ ಎದುರು ಜನ ನಾಲಿಗೆ ಚಾಚುತ್ತಾರೆ, ಅಂಗಿ ಎತ್ತುತ್ತಾರೆ, ಸೊಸೆಯ ಮೇಲಿನ ದೂರನ್ನೂ ಹೇಳುತ್ತಾರೆ. ಕೈಯನ್ನು ಕಿಸೆಗೆ ಹಾಕಲು ಮಾತ್ರ ಅವರಿಗೆ ವಿಪರೀತ ನಾಚಿಕೆ. ನವಿ ಮುಂಬಯಿಯ ಐರೋಲಿಯಲ್ಲಿ ದವಾಖಾನೆ ತೆರೆದ ದಿನದಿಂದ ನೋಡುತ್ತಿದ್ದೇನೆ, ಇಂಥದೊಂದು ಪ್ರಸಂಗ ನಡೆಯದ ವಾರವಿಲ್ಲ. ನಡೆಯದಿದ್ದರೆ ಆ ವಾರ ನಾನು ಊರಿಗೆ ಹೋಗಿದ್ದೆ ಎಂದೇ ಅರ್ಥ.

ನಮ್ಮ ಊರು ಉಡುಪಿ ಕಡೆ. ನಾನು ಹೇಳುತ್ತಿರುವುದು ಐರೋಲಿಯಲ್ಲಿ ಕಂಪ್ಯೂಟರಿನವರ ಗಾಜಿನ ಕಟ್ಟಡಗಳು ಆಗಷ್ಟೇ ತಲೆಯೆತ್ತುತ್ತಿದ್ದ ಕಾಲದ ಮಾತು. ನನ್ನ ಫೀಸು ಮೂವತ್ತು ರೂಪಾಯಿ. ಅದರಲ್ಲಿ ಪರೀಕ್ಷೆ, ಎರಡು ದಿನದ ಮಾತ್ರೆ, ಕಾಗದದ ಪೊಟ್ಟಣ, ಜೊತೆಗೆ ರೋಗಿಯ ಮಗನಿಗೆ ಯಾವ ಕಾಲೇಜು ಒಳ್ಳೆಯದೆಂಬ ಸಲಹೆ, ಎಲ್ಲವೂ ಸೇರಿತ್ತು. ಗಣಪತಿ ಹಬ್ಬ ಕಳೆದ ಮೇಲೆ ದವಾಖಾನೆಯ ಮಳಿಗೆಯ ಮಾಲೀಕ ಬಂದು, ದೀಪಾವಳಿಯಿಂದ ಬಾಡಿಗೆ ಒಂದೂವರೆ ಪಟ್ಟು, ಆಗದಿದ್ದರೆ ಜಾಗ ಬಿಡಿ, ಮೊಬೈಲ್ ಅಂಗಡಿಯವನು ಕಾಯುತ್ತಿದ್ದಾನೆ ಎಂದ. ದವಾಖಾನೆ ಹೋದರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಮೊಬೈಲ್ ರಿಪೇರಿಯಂತೂ ಮೊದಲೇ ಗೊತ್ತಿಲ್ಲ.

"ಫೀಸು ಐವತ್ತು ಮಾಡಿ," ಎಂದಳು ಹೆಂಡತಿ. ಇದನ್ನು ಅವಳು ವರ್ಷಗಳಿಂದ ಹೇಳುತ್ತಲೇ ಇದ್ದಳು. ಈ ಸಲ ಒಂದು ಬಾಲಂಗೋಚಿ ಸೇರಿಸಿದಳು. "ದೀಪಾವಳಿಯ ಒಳಗೆ ನಿಮ್ಮಿಂದ ಆಗದಿದ್ದರೆ ಕೌಂಟರಿನಲ್ಲಿ ನಾನೇ ಬಂದು ಕೂತ್ಕೊಳ್ತೇನೆ."

ನಾನು ನಕ್ಕೆ. ಇಪ್ಪತ್ತು ರೂಪಾಯಿ ಏರಿಸುವುದು ಯಾವ ಮಹಾ ಕೆಲಸ ಎಂದುಕೊಂಡೆ.

ಕೆಂಪು ಮಾತ್ರೆ

ಪಕ್ಕದ ರಬಾಳೆಯ ಕಾರ್ಖಾನೆಯ ಕೆಲಸಗಾರನೊಬ್ಬ ನೆಗಡಿಯೆಂದು ಬಂದ. ಎದೆ ನೋಡಿದೆ, ಗಂಟಲು ನೋಡಿದೆ. ಬರೀ ನೆಗಡಿ. ಓದಿದ ವಿದ್ಯೆಗೆ ಮೋಸ ಮಾಡಬಾರದೆಂಬ ಹುಚ್ಚು ನನಗೆ ಆಗ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. "ಔಷಧ ಏನೂ ಬೇಡ. ಬಿಸಿನೀರು ಕುಡಿ, ಎರಡು ದಿನ ಮಲಗು, ತಾನಾಗಿ ಹೋಗುತ್ತದೆ," ಎಂದು ಹಿಂದಿಯಲ್ಲಿ ತಿಳಿಸಿ ಹೇಳಿದೆ.

ಅವನು ಎದ್ದು ಕೈಮುಗಿದು ಹೊರಟ.

"ಫೀಸು?" ಎಂದೆ.

"ಫೀಸ್ ಕಿಸ್ ಬಾತ್ ಕಾ, ಡಾಕ್ಟರ್ ಸಾಬ್? ದವಾಯಿ ತೋ ದಿಯಾ ನಹೀಂ."

ಔಷಧವನ್ನೇ ಕೊಡದ ಮೇಲೆ ಫೀಸು ಯಾತಕ್ಕೆ ಎಂಬ ಅವನ ಮಾತಿನಲ್ಲಿ ತಪ್ಪೇನಿದೆ? ಅಂಗಡಿಗೆ ಹೋಗಿ ಸಾಮಾನು ಕೊಳ್ಳದೆ ಬಂದರೆ ಯಾರಾದರೂ ಹಣ ಕೊಡುತ್ತಾರೆಯೇ? ನಾನು ನಾಲ್ಕು ಬಿಳಿ ವಿಟಮಿನ್ ಮಾತ್ರೆ ಪೊಟ್ಟಣ ಕಟ್ಟಿದೆ. ಅವನ ಮುಖ ಸ್ವಲ್ಪ ಅರಳಿತು. ಡಬ್ಬಿಗಳ ಸಾಲನ್ನು ಒಮ್ಮೆ ನೋಡಿ, "ಆ ಕೆಂಪಗಿನದು ಜೋರಾಗಿರುತ್ತದಲ್ಲವೇ?" ಎಂದು ಕೇಳಿದ. ಕೆಂಪಗಿನದು ಕಬ್ಬಿಣದ ಮಾತ್ರೆ, ಅದರಿಂದ ಅವನಿಗೆ ಹಾನಿಯಿಲ್ಲ, ಅವನ ನೆಗಡಿಗೂ ಇಲ್ಲ. ಎರಡು ಹಾಕಿದೆ. ಮೂವತ್ತು ರೂಪಾಯಿ ತಕ್ಷಣ ಮೇಜಿನ ಮೇಲೆ ಬಂತು.

ಮೂರನೆಯ ದಿನ ಅವನ ಪಾಳಿಯ ಜನ ಒಬ್ಬೊಬ್ಬರಾಗಿ ಬಂದರು. ಎಲ್ಲರಿಗೂ ಕೆಂಪು ಮಾತ್ರೆಯೇ ಬೇಕು. ಮೊದಲಿನವನನ್ನು ಬಿಸಿನೀರು ಕುಡಿದೆಯಾ ಎಂದು ಕೇಳಿದೆ. "ಅದಕ್ಕೆ ನೀವು ಹಣ ತಗೊಂಡಿರಲಿಲ್ಲವಲ್ಲ," ಎಂದ.

ನಮ್ಮೊಳಗೆ ಎಂತ ಹಣ

ಪುಕ್ಕಟೆಯವರದು ಒಂದು ದೊಡ್ಡ ಪರಿವಾರವೇ ಇತ್ತು. ಅವರಲ್ಲಿ ನನ್ನ ಮನಸ್ಸಿಗೆ ಸಂತೋಷ ಕೊಡುತ್ತಿದ್ದವರು ಒಬ್ಬರೇ, ನನ್ನ ಅತ್ತೆ, ಹೆಂಡತಿಯ ಅಮ್ಮ. ಡೊಂಬಿವಲಿಯಲ್ಲಿ ಭಾವನ ಮನೆಯಲ್ಲಿದ್ದರು. ತಿಂಗಳಿಗೊಮ್ಮೆ ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಬಂದು, ಮೊಣಕಾಲು ನೋವಿಗೆ ಮಾತ್ರೆ, ಎಣ್ಣೆ ತೆಗೆದುಕೊಂಡು, "ಅಳಿಯಂದಿರ ಮದ್ದಿನಲ್ಲಿ ಗುಣ ಉಂಟು," ಎಂದು ಹೇಳಿ ಹೋಗುತ್ತಿದ್ದರು. ಆ ಒಂದು ಮಾತು ನನಗೆ ತಿಂಗಳಿಡೀ ಸಾಕಾಗುತ್ತಿತ್ತು.

ಉಳಿದವರಲ್ಲಿ ಮುಖ್ಯರು ನಮ್ಮೂರ ಕಡೆಯ ಹೋಟೆಲ್ ಯಜಮಾನರು. ಅವರು, ಅವರ ಹೆಂಡತಿ, ಮಕ್ಕಳು, ಅಡುಗೆ ಭಟ್ಟರು, ದೋಸೆ ಹುಯ್ಯುವವನು, ತಟ್ಟೆ ತೊಳೆಯುವವನು, ಎಲ್ಲರೂ ನನ್ನ ರೋಗಿಗಳೇ. ಫೀಸಿನ ಮಾತೆತ್ತುವ ಮೊದಲೇ, "ನಮ್ಮೊಳಗೆ ಎಂತ ಹಣ ಡಾಕ್ಟ್ರೇ? ನೀವು ಹೋಟೆಲಿಗೆ ಬನ್ನಿ. ನಿಮಗೆ ಬಿಲ್ಲು ಕೊಟ್ಟರೆ ಹೇಳಿ," ಎನ್ನುತ್ತಿದ್ದರು.

ಒಂದು ಭಾನುವಾರ ಹೆಂಡತಿ, "ಬನ್ನಿ, ನಿಮ್ಮ ಫೀಸು ವಸೂಲಿ ಮಾಡಿಕೊಂಡು ಬರೋಣ," ಎಂದಳು. ಹೋಗಿ ಕೂತು ಎರಡು ಮಸಾಲೆ ದೋಸೆ ಹೇಳಿದೆವು. ಗಲ್ಲಾದ ಮೇಲಿದ್ದ ಯಜಮಾನರು ಅಲ್ಲಿಂದಲೇ ನೋಡಿ ಓಡಿ ಬಂದರು.

"ಛೆ ಛೆ, ನಿಮಗೆ ಮಸಾಲೆ ದೋಸೆಯಾ ಡಾಕ್ಟ್ರೇ? ಎಣ್ಣೆ ಮುಟ್ಟಬೇಡ ಅಂತ ನನಗೆ ಹೇಳುವವರು ನೀವೇ ಅಲ್ವಾ? ನಿಮ್ಮ ಆರೋಗ್ಯ ಕೆಟ್ಟರೆ ನಮ್ಮ ಗತಿ ಎಂತದು?" ಎಂದು ನನ್ನ ದೋಸೆಯನ್ನು ರದ್ದು ಮಾಡಿ ಎರಡು ಇಡ್ಲಿ ತರಿಸಿದರು. ಚಟ್ನಿಯಲ್ಲಿ ತೆಂಗಿನಕಾಯಿ ಇರುತ್ತದೆಂದು ಚಟ್ನಿಯೂ ಇಲ್ಲ. ಎದುರಿಗೆ ಹೆಂಡತಿ ಗರಿಗರಿ ದೋಸೆ ಮುರಿಯುತ್ತಿದ್ದಳು. ನಾನು ಇಡ್ಲಿ ನುಂಗಿದೆ.

ಏಳುವ ಹೊತ್ತಿಗೆ ಬಿಲ್ಲು ಬಂತು. ಒಂದು ಮಸಾಲೆ ದೋಸೆ, ಒಂದು ಕಾಫಿ. ನಾನು ಯಜಮಾನರ ಮುಖ ನೋಡಿದೆ.

"ನಿಮ್ಮ ಇಡ್ಲಿ ಹಾಕಲಿಲ್ಲ ಡಾಕ್ಟ್ರೇ," ಎಂದರು ಬಹಳ ಪ್ರೀತಿಯಿಂದ. "ಅದು ಅಕ್ಕನ ದೋಸೆಯದ್ದು. ಅಕ್ಕ ಡಾಕ್ಟ್ರಲ್ಲವಲ್ಲ."

ಲಿಫ್ಟಿನ ದವಾಖಾನೆ

ನಾವಿದ್ದ ಕಟ್ಟಡದ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಏಳನೆಯ ಮಹಡಿ, ನಾವು ಐದನೆಯದು. ನನ್ನನ್ನು ಲಿಫ್ಟಿನಲ್ಲಿ ಹಿಡಿಯುವುದಕ್ಕೆಂದೇ ಅವರು ಕೆಳಗೆ ಪೇಪರು ಓದುತ್ತ ನಿಂತಿರುತ್ತಿದ್ದರು ಎಂಬ ಸಂಶಯ ನನಗಿದೆ. ಬಾಗಿಲು ಮುಚ್ಚಿದ ಕೂಡಲೇ ಸಕ್ಕರೆಯ ರಿಪೋರ್ಟು ಹೊರಗೆ ಬರುತ್ತಿತ್ತು. ಐದನೆಯ ಮಹಡಿ ಬಂದರೂ ಕಾಲು ಅಡ್ಡ ಇಟ್ಟು, ಊಟಕ್ಕೆ ಮುಂಚಿನ ಮಾತ್ರೆ ಊಟದ ನಂತರ ತೆಗೆದುಕೊಂಡರೆ ಏನಾಗುತ್ತದೆ ಎಂದು ಕೇಳುತ್ತಿದ್ದರು. ಲಿಫ್ಟಿನ ಕರೆಂಟು ಸೊಸೈಟಿಯದು, ಡಾಕ್ಟರೂ ಸೊಸೈಟಿಯವನು, ಹಾಗಾಗಿ ಫೀಸಿನ ಪ್ರಶ್ನೆ ಏಳುತ್ತಿರಲಿಲ್ಲ.

ಆ ವರ್ಷ ಮೇಲಿನ ಮನೆಯಿಂದ ನಮ್ಮ ಬಚ್ಚಲಿಗೆ ನೀರು ಸೋರತೊಡಗಿತು. ಒಂದು ಸಂಜೆ ಅವರ ರಿಪೋರ್ಟು ನೋಡಿ ಮುಗಿಸಿ, ಕಾಗದ ಮಡಚಿ ಕೊಡುತ್ತ, "ಸಾಹೇಬರೇ, ನಮ್ಮ ಬಚ್ಚಲಿನ ಲೀಕೇಜು..." ಎಂದೆ.

ಸೆಕ್ರೆಟರಿ ಒಂದು ಹೆಜ್ಜೆ ಹಿಂದೆ ಸರಿದರು. "ಡಾಕ್ಟರ್‌ಸಾಹೇಬ್, ಬೇಜಾರು ಮಾಡಿಕೊಳ್ಳಬೇಡಿ. ಸೊಸೈಟಿಯ ವಿಷಯ ನಾನು ಲಿಫ್ಟಿನಲ್ಲಿ ಮಾತಾಡುವುದಿಲ್ಲ. ರವಿವಾರ ಬೆಳಿಗ್ಗೆ ಆಫೀಸಿಗೆ ಬನ್ನಿ, ಅರ್ಜಿ ಕೊಡಿ, ಇನ್‌ಸ್ಪೆಕ್ಷನ್ ಚಾರ್ಜು ನೂರು ರೂಪಾಯಿ. ಮನುಷ್ಯನಿಗೆ ಒಂದು ತತ್ತ್ವ ಅಂತ ಬೇಕಲ್ಲ."

ತತ್ತ್ವವಂತರೊಡನೆ ವಾದಿಸಬಾರದು. ರವಿವಾರ ಆಫೀಸಿಗೆ ಹೋಗಿ ನೂರು ರೂಪಾಯಿ ಕೊಟ್ಟೆ. ರಸೀದಿ ಬರೆಯುತ್ತ ಅವರು ಎಡಗೈಯನ್ನು ನನ್ನ ಮುಂದೆ ಚಾಚಿ, "ಹಾಗೇ ನಾಡಿ ನೋಡಿಬಿಡಿ," ಎಂದರು.

ಬೋರ್ಡಿನ ಆಯುಷ್ಯ

ನವರಾತ್ರಿಯ ಹೊತ್ತಿಗೆ ಧೈರ್ಯ ತಂದುಕೊಂಡು "ಫೀಸ್ ೫೦ ರೂ." ಎಂದು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆಸಿ ಬೋರ್ಡು ಹಾಕಿದೆ. ಬೆಳಿಗ್ಗೆ ಬಂದವರು ಬೋರ್ಡು ಓದಿದರು, ತಮ್ಮ ಹಣೆ ತಾವೇ ಮುಟ್ಟಿ ನೋಡಿಕೊಂಡರು, ಜ್ವರ ಇಳಿದಿದೆ ಎಂದು ವಾಪಸು ಹೋದರು. ಒಂದು ಬೋರ್ಡಿನಿಂದ ಅಷ್ಟು ಜನರಿಗೆ ಒಮ್ಮೆಲೇ ಗುಣವಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಳಗೆ ಬಂದವರು ಒಬ್ಬರೇ, ಧಾರವಾಡ ಕಡೆಯ ರಿಟೈರ್ಡ್ ಹೆಡ್ ಕ್ಲಾರ್ಕು. ಕುರ್ಚಿಯಲ್ಲಿ ಕೂರದೆ ನಿಂತೇ ಕೇಳಿದರು.

"ಏನ್ರೀ ಡಾಕ್ಟರ್, ನನ್ನ ಬಿ.ಪಿ. ಏರಿದ್ರ ನೀವು ಇಳಸ್ತೀರಿ. ನಿಮ್ಮ ಫೀ ಏರಿದ್ರ ಇಳಸೋರು ಯಾರು?"

ಬಾಡಿಗೆಯ ವಿಷಯ ಹೇಳಿದೆ. ಅವರು ಸಾವಧಾನವಾಗಿ ಕೇಳಿ ತಲೆದೂಗಿದರು.

"ಖರೇ ಅದ. ಆದ್ರ ಹಳೇ ಬ್ಯಾನಿಗೆ ಹಳೇ ರೇಟು, ಹೊಸಾ ಬ್ಯಾನಿಗೆ ಹೊಸಾ ರೇಟು. ಅದು ನ್ಯಾಯ. ನನ್ನ ಬಿ.ಪಿ. ಹನ್ನೆರಡು ವರ್ಷದ್ದು. ಮೂವತ್ತು ತಗೋರಿ."

ನೌಕರಿಯಲ್ಲಿ ಎಷ್ಟು ಜನರ ಇಂಕ್ರಿಮೆಂಟು ತಡೆದಿದ್ದರೋ, ಆ ಅಭ್ಯಾಸ ಹೋಗಿರಲಿಲ್ಲ. ನಾನು ಸೋತು ತೋಳಿಗೆ ಪಟ್ಟಿ ಸುತ್ತಿದೆ. ಗಾಳಿ ತುಂಬುತ್ತಿದ್ದಾಗ ಅವರು ಗೋಡೆಯ ಕ್ಯಾಲೆಂಡರು ನೋಡುತ್ತ, "ಡಾಕ್ಟರ್, ನಮ್ಮ ಪೈಕಿ ಒಬ್ಬರಿಗೆ, ನಾ ಅಲ್ಲ ಮತ್ತ, ಬಲಗಾಲಿನ ಹಿಮ್ಮಡ ಮುಂಜಾನೆ ಭಾಳ ನೋಯ್ತದಂತ. ಅವರು ಏನು ಮಾಡಬೇಕ್ರೀ?" ಎಂದರು. ನಾನು ಹೇಳಿದೆ. ಅವರು ಎದ್ದು, ಬಲಗಾಲನ್ನು ಮೆಲ್ಲಗೆ ಊರುತ್ತ ಹೊರಟುಹೋದರು.

ಸಂಜೆ ನಾನೇ ಬೋರ್ಡು ಇಳಿಸಿ ಮೇಜಿನ ಹಿಂದೆ ಇಟ್ಟೆ.

ಕವರು

ನನ್ನ ಕಷ್ಟದ ಸುದ್ದಿ ಹೇಗೋ ಒಂದು ಲ್ಯಾಬಿನವನ ಕಿವಿಗೆ ಬಿತ್ತು. ಟೈ ಕಟ್ಟಿಕೊಂಡು ಬಂದ. ರೋಗಿಗಳನ್ನು ಅವನಲ್ಲಿಗೆ ಪರೀಕ್ಷೆಗೆ ಕಳಿಸಿದರೆ ಪ್ರತಿ ತಿಂಗಳೂ ಒಂದು ಹಣದ ಕವರು ಎಂದು ಹೇಳಿ, ಮೊದಲನೆಯದನ್ನು ಮೇಜಿನ ಮೇಲಿಟ್ಟ. ನನಗೆ ಇಪ್ಪತ್ತು ರೂಪಾಯಿ ಹೆಚ್ಚು ಕೊಡಲು ಜ್ವರವನ್ನೇ ಬಿಟ್ಟುಬಿಡುವ ಜನ, ಲ್ಯಾಬಿನಲ್ಲಿ ಸಾವಿರ ಎಂದರೂ ತಲೆಬಾಗಿ ಕೊಡುತ್ತಾರೆ. ಅಲ್ಲಿ ಎಸಿ ಇರುತ್ತದೆ. ನಾನು ಕವರನ್ನು ಮುಟ್ಟದೆ ಬೇಡವೆಂದೆ.

ಅವನು ಗೌರವದಿಂದ ತಲೆ ಬಗ್ಗಿಸಿ ಹೋದ. ಎರಡು ದಿನ ಬಿಟ್ಟು ಇನ್ನೂ ದಪ್ಪ ಕವರು ಹಿಡಿದು ಬಂದ. "ಕ್ಷಮಿಸಿ ಸರ್, ಮೊದಲನೆಯದನ್ನು ನೋಡಿ ನಿಮಗೆ ಬೇಸರವಾಯಿತು ಅಂತ ನಮ್ಮ ಸಾಹೇಬರಿಗೆ ಅರ್ಥವಾಗಿದೆ." ಅದನ್ನೂ ವಾಪಸು ಕಳಿಸಿದೆ. ಆಮೇಲೆ ಕೇಳಿ ತಿಳಿದದ್ದು, ಐರೋಲಿಯ ಲ್ಯಾಬುಗಳಲ್ಲೆಲ್ಲ ನನ್ನ ಹೆಸರು ಪ್ರಸಿದ್ಧವಾಗಿತ್ತು. ಈ ಡಾಕ್ಟರ ರೇಟು ಬಹಳ ಜಾಸ್ತಿ ಎಂದು.

ಕೌಂಟರು

ದೀಪಾವಳಿ ಬಂತು, ಬಾಡಿಗೆ ಏರಿತು, ಫೀಸು ಮೂವತ್ತರಲ್ಲೇ ಇತ್ತು. ಪಾಡ್ಯದ ಮರುದಿನ ಹೆಂಡತಿ ಸೀರೆ ಸೆರಗು ಸಿಕ್ಕಿಸಿಕೊಂಡು ಬಂದು ಕೌಂಟರಿನಲ್ಲಿ ಕೂತಳು. ಬೋರ್ಡನ್ನು ಮೇಜಿನ ಹಿಂದಿನಿಂದ ತೆಗೆದು ಒರೆಸಿ ಮೊದಲಿನ ಜಾಗದಲ್ಲೇ ನೇತುಹಾಕಿದಳು. ನಿಯಮ ಒಂದೇ. ಮೊದಲು ಐವತ್ತು, ಆಮೇಲೆ ಡಾಕ್ಟರು. ಯಾರೇ ಆಗಲಿ.

ಮೊದಲು ಸಿಕ್ಕಿದವರು ಹೋಟೆಲ್ ಯಜಮಾನರು. "ನಮ್ಮೊಳಗೆ ಎಂತ ಹಣ ಅಕ್ಕಾ, ಡಾಕ್ಟ್ರು ನನ್ನಿಂದ ತಗೊಳ್ಳುವುದೇ ಇಲ್ಲ," ಎಂದರು.

"ಹೌದು, ಡಾಕ್ಟ್ರು ತಗೊಳ್ಳುವುದಿಲ್ಲ," ಎಂದಳು ಹೆಂಡತಿ. "ನಾನು ಡಾಕ್ಟ್ರಲ್ಲವಲ್ಲ."

ಐವತ್ತು ಬಂತು. ಲಿಫ್ಟಿನಲ್ಲಿ ಈಗ ನನ್ನ ಜೊತೆ ಅವಳೂ ಇರುತ್ತಿದ್ದುದರಿಂದ ಸೆಕ್ರೆಟರಿಯವರೂ ದವಾಖಾನೆಗೇ ಬಂದು ಕೊಟ್ಟರು. ಹೆಡ್ ಕ್ಲಾರ್ಕು ತಮ್ಮ ನ್ಯಾಯವನ್ನು ಅವಳ ಮುಂದೆಯೂ ಮಂಡಿಸಿದರು. ಅವಳು ಪೂರ್ತಿ ಕೇಳಿ, "ಸರಿ, ಹಳೇ ಬೇನೆಗೆ ಹಳೇ ರೇಟು. ಹಿಂದಿನ ವರ್ಷಗಳಲ್ಲಿ ಫೀಸು ಕೊಡದೆ ಕೇಳಿಕೊಂಡು ಹೋದ ಬೇನೆಗಳನ್ನೂ ಲೆಕ್ಕ ಹಾಕುವಾ," ಎಂದಳು. ಅವರು ಐವತ್ತು ಇಟ್ಟು ಒಳಗೆ ಬಂದು, "ನಿಮ್ಮ ಮನಿಯವರು ನಮ್ಮ ಆಫೀಸಿನ್ಯಾಗ ಇರಬೇಕಿತ್ರೀ," ಎಂದರು.

ಆಶ್ಚರ್ಯವೆಂದರೆ ರೋಗಿಗಳು ಕಡಿಮೆಯಾಗಲಿಲ್ಲ. ಹೆಚ್ಚಾದರು. ಐವತ್ತು ಕೊಟ್ಟವರು ನಾನು ಹೇಳಿದ್ದನ್ನು ಕಿವಿಗೊಟ್ಟು ಕೇಳಿದರು, ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗಿದರು. ರಬಾಳೆಯವನು ಬಿಸಿನೀರು ಕೂಡ ಕುಡಿದ. ದವಾಖಾನೆ ಉಳಿಯಿತು. ನನಗೆ ನಿಜವಾಗಿ ಬಹಳ ಸಂತೋಷವಾಯಿತು, ಅದಕ್ಕಿಂತ ಸ್ವಲ್ಪ ಹೆಚ್ಚು ಅವಮಾನವೂ ಆಯಿತು.

ಆ ತಿಂಗಳು ಅತ್ತೆ ಬಂದರು. ಪರದೆಯ ಆಚೆಯಿಂದ ಹೆಂಡತಿಯ ದನಿ ಕೇಳಿತು. "ಅಮ್ಮಾ, ಐವತ್ತು." ನಾನು ಎದ್ದು ತಡೆಯುವಷ್ಟರಲ್ಲಿ ಅತ್ತೆ ಹಣ ಕೊಟ್ಟು ಒಳಗೆ ಬಂದಾಗಿತ್ತು.

"ಅತ್ತೆ, ತಪ್ಪು ತಿಳಿಯಬೇಡಿ. ಅವಳದ್ದು ಅತಿಯಾಯ್ತು. ನಾನು ವಾಪಸು ಕೊಡಿಸ್ತೇನೆ."

"ಬೇಡ ಬೇಡ. ಕೊಟ್ಟದ್ದು ಒಳ್ಳೆಯದೇ ಆಯ್ತು. ಈಗ ಸಂಕೋಚ ಇಲ್ಲ," ಎಂದು ಅತ್ತೆ, ಯಾವಾಗಲೂ ಬಾಗಿಲ ಬಳಿ ನಿಂತೇ ಪೊಟ್ಟಣ ಒಯ್ಯುತ್ತಿದ್ದವರು, ಆವತ್ತು ರೋಗಿಯ ಕುರ್ಚಿಯಲ್ಲಿ ಸರಿಯಾಗಿ ಕೂತರು. ಚೀಲದಿಂದ ಮಾತ್ರೆಯ ಒಂದು ಸ್ಟ್ರಿಪ್ಪು ತೆಗೆದು ಮೇಜಿನ ಮೇಲಿಟ್ಟರು. "ಸರಿಯಾಗಿ ನೋಡಿ ಹೇಳಿ. ಇದನ್ನು ಇನ್ನೂ ತಗೊಳ್ಬೇಕಾ, ನಿಲ್ಲಿಸಬಹುದಾ?"

ಅದು ನಾನು ಕೊಟ್ಟ ಮಾತ್ರೆಯಲ್ಲ.

"ಇದು ಯಾರು ಕೊಟ್ಟದ್ದು?"

"ಡೊಂಬಿವಲಿ ಸ್ಟೇಷನ್ ಹತ್ತಿರದ ಡಾಕ್ಟ್ರು. ನೂರೈವತ್ತು ತಗೊಳ್ತಾರೆ. ನಾಲ್ಕು ವರ್ಷ ಆಯ್ತು ಅವರದ್ದೇ ಮದ್ದು."

"ಮತ್ತೆ ನಾನು ತಿಂಗಳು ತಿಂಗಳು ಕೊಟ್ಟದ್ದು?"

"ಅದನ್ನು ಮನೆ ಕೆಲಸದವಳಿಗೆ ಕೊಡ್ತಿದ್ದೆ. ಅವಳಿಗೂ ಮೊಣಕಾಲು ನೋವು, ಪಾಪ. ಅವಳಿಗೆ ತುಂಬಾ ಗುಣ ಉಂಟು. ಹೇಳ್ತಿದ್ದೆನಲ್ಲ ನಿಮ್ಮ ಹತ್ತಿರ."

ನಾನು ಆ ಮಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಕೊನೆಗೆ ಕೇಳಿದೆ. "ಆ ಡಾಕ್ಟ್ರ ಹತ್ತಿರ ನಿಮ್ಮನ್ನು ಕರಕೊಂಡು ಹೋದದ್ದು ಯಾರು?"

ಅತ್ತೆ ಪರದೆಯ ಕಡೆ ನೋಡಿದರು. ಆಚೆ ಕಡೆ ಚಿಲ್ಲರೆ ಎಣಿಸುತ್ತಿದ್ದ ಸದ್ದು ನಿಂತಿತು.

"ನಾನೇ," ಎಂದಳು ಹೆಂಡತಿ. "ಫೀಸು ಏರಿಸಿ, ಏರಿಸಿ ಅಂತ ಆಗಿನಿಂದ ಬಡಕೊಳ್ತಾ ಇದ್ದೆ. ನೀವು ಕೇಳಲಿಲ್ಲ. ಮೂವತ್ತು ರೂಪಾಯಿಯ ಡಾಕ್ಟ್ರಿಗೆ ನನ್ನ ಅಮ್ಮನನ್ನು ಹೇಗೆ ತೋರಿಸುವುದು?"